ಅನುವಾದ ಸರಿಯಾಗಿದೆ

ಹುಬ್ಬಳ್ಳಿಯ ಮುದ್ರಣಾಲಯವೊಂದರ ಮಾಳಿಗೆಯಲ್ಲಿ ‘ಭಾವವಾಹಕ’ ಯಂತ್ರವು ಫಿನ್ನಿಷ್ ಭಾಷೆಯ ಪರಿಶೀಲನಾ ವರದಿಯೊಂದನ್ನು ಕನ್ನಡಕ್ಕೆ ತರುತ್ತಿತ್ತು. ವರದಿ ಬರೆದದ್ದು ಭಾವವಾಹಕದ ಬಗ್ಗೆಯೇ.

ಇಪ್ಪತ್ತೊಂದನೆಯ ಶತಮಾನದ ಕೊನೆಯಲ್ಲೂ ಈ ಪದ್ಧತಿ ಬದಲಾಗಿರಲಿಲ್ಲ. ಒಬ್ಬರು ಅಂತಾರಾಷ್ಟ್ರೀಯ ಪೇಟೆಂಟ್ ಕೇಳಿದರೆ, ಎಲ್ಲೋ ದೂರದ ಪರಿಶೀಲಕರು ಅರ್ಜಿಯನ್ನು ಓದಿ, ಶೋಧ ಹೊಸದೇ, ಸಾಧ್ಯವೇ ಎಂದು ವರದಿ ಬರೆಯುತ್ತಿದ್ದರು. ಹಳೆಯ ಅನುವಾದ ಯಂತ್ರಗಳು ಪದಗಳನ್ನಷ್ಟೇ ದಾಟಿಸುತ್ತಿದ್ದವು. ಭಾವವಾಹಕವು ವಾಕ್ಯದ ‘ಧ್ವನಿರೇಖೆ’ಯನ್ನು, ಅಂದರೆ ಬರೆದವರ ಅನುಮಾನ, ಮೆಚ್ಚುಗೆ, ವ್ಯಂಗ್ಯಗಳ ಏರಿಳಿತವನ್ನು ಅಳೆದು ಅದನ್ನೂ ಅನುವಾದಿಸುತ್ತಿತ್ತು. ಅದನ್ನು ಕಟ್ಟಿದ ಡಾ. ಕುಮುದಿನಿ ಇಟಗಿ ಅವರಿಗೆ ಪೇಟೆಂಟ್ ಸಿಗದಿದ್ದರೆ ಬಾಡಿಗೆ ಮಾಳಿಗೆಯ ಈ ಪ್ರಯೋಗಾಲಯ ಮುಚ್ಚುವುದು ಖಚಿತವಾಗಿತ್ತು.

“ಏನಂತಾನ ಆ ಪುಣ್ಯಾತ್ಮ?” ಮುದ್ರಣಾಲಯದ ಮಾಲೀಕ ಗದಿಗೆಯ್ಯ ಮೇಲೆ ಬಂದು ಕೇಳಿದರು.

“ಆಗೂದಿಲ್ಲ ಅಂತಾನ. ನೀವ ಓದ್ರಿ ಕಾಕಾ,” ಎಂದು ಕುಮುದಿನಿ ಅನುವಾದದ ಹಾಳೆ ಚಾಚಿದರು.

ಗದಿಗೆಯ್ಯ ಗಟ್ಟಿಯಾಗಿ ಓದಿದರು: ‘ಹಾಸ್ಯವನ್ನೂ ಈ ಯಂತ್ರ ದಾಟಿಸುತ್ತದೆಂದು ಅರ್ಜಿದಾರರು ಹೇಳುತ್ತಾರೆ. ಇದು ಅಸಾಧ್ಯ. ನಮ್ಮ ಕಚೇರಿಯ ಯಂತ್ರವೂ ತಾನು ಕೊಡುವುದು ಕಾಫಿಯೆಂದೇ ಹೇಳುತ್ತದೆ.’

ಓದಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮ ಸ್ಟೇಷನ್ನಿನ ಮಷೀನೂ ಹಂಗ ನೋಡವಾ. ಒಂದ್ಸಲ ಕುಡದ್ರ ಚಹಾದ ಮ್ಯಾಲಿನ ಆಸೇನೂ ಹೋಗತೈತಿ.”

“ನನ್ನ ಅನ್ನಕ್ಕ ಕಲ್ಲು ಬಿದ್ದೈತಿ, ನಿಮಗ ನಗಿ.”

“ನಾ ಎಲ್ಲಿ ನಕ್ಕೆ? ಅವ ನಗಿಸ್ಯಾನ.”

ಕುಮುದಿನಿ ಒಂದು ಕ್ಷಣ ಅವರ ಮುಖವನ್ನೇ ನೋಡಿದರು. ಆಮೇಲೆ ಹಾಳೆಯನ್ನು ಕಸಿದುಕೊಂಡು ಮೇಜಿಗೆ ಓಡಿದರು.

ವರದಿಯ ಅನುವಾದ ತಪ್ಪಿದ್ದರೆ ಅರ್ಜಿದಾರರು ಅಭಿಪ್ರಾಯ ತಿಳಿಸಬಹುದೆಂದು ನಿಯಮವಿದೆ. ಸರಿಯಾಗಿದೆ ಎಂದು ಯಾರೂ ಬರೆಯುವುದಿಲ್ಲ. ಕುಮುದಿನಿ ಬರೆದರು: ‘ಅನುವಾದ ಸರಿಯಾಗಿದೆ. ಮಾಡಿದ್ದು ಭಾವವಾಹಕವೇ. ನಿಮ್ಮ ಭಾಷೆಯ ಒಂದಕ್ಷರವೂ ಬಾರದ ನಮ್ಮ ಮಾಳಿಗೆಯ ಮಾಲೀಕರು ಕಾಫಿಯ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.’

ಪರಿಶೀಲಕ ವೇಯ್ಕೊ ರಂತಾಲ ಚುಟುಕಾಗಿ ಉತ್ತರಿಸಿದರು: ‘ಆಕ್ಷೇಪಣೆ ಹಿಂತೆಗೆದುಕೊಂಡಿದ್ದೇನೆ. ಆ ಮಾತಿಗೆ ಇಲ್ಲಿ ಯಾರೂ ನಕ್ಕಿರಲಿಲ್ಲ.’

ಪೇಟೆಂಟ್ ಸಿಕ್ಕಿತು; ಬೇರೆಯವರ ಅರ್ಜಿಗಳ ವರದಿಗಳೂ ಅನುವಾದಕ್ಕೆ ಈ ಮಾಳಿಗೆಗೇ ಬರತೊಡಗಿದವು. ಪರಿಶೀಲನೆ ಬೇಗ ಮುಗಿಯಲೆಂದೇ ಈ ಯಂತ್ರವನ್ನು ಮಾಡಿದ್ದು. ಆದರೆ ತಮ್ಮ ಮಾತಿಗೆ ದೂರದಲ್ಲಿ ಯಾರೋ ನಗುತ್ತಾರೆಂದು ಗೊತ್ತಾದ ಮೇಲೆ ಜಗತ್ತಿನ ಪರಿಶೀಲಕರು ಒಂದೊಂದು ವಾಕ್ಯವನ್ನೂ ತಿದ್ದಿ ತೀಡತೊಡಗಿದರು. ವರದಿಗಳು ಈಗ ಮೊದಲಿಗಿಂತ ತಡವಾಗಿ ಬರುತ್ತಿವೆ. ದೂರು ಕೊಟ್ಟವರಿಲ್ಲ. ಗದಿಗೆಯ್ಯ ಮಾತ್ರ ದಿನವೂ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಾರೆ:

“ಇವತ್ತರ ಯಾರದರ ಅರ್ಜಿ ತಿರಸ್ಕಾರ ಆಗೇತೇನವಾ?”