ತಾತ ಹೇಳಿದ ಮಾತು

“ವರ್ಷಿಣಿ, ಎದ್ದು ನಿಂತ್ಕೋ” ಎಂದರು ಸುಮಾ ಮಿಸ್.

ಅವರ ಕೈಯಲ್ಲಿ ವರ್ಷಿಣಿಯ ಸುದ್ದಿ ಪುಸ್ತಕ ಇತ್ತು.

ಆರನೇ ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ಸುದ್ದಿ ಪುಸ್ತಕ. ವಾರಕ್ಕೊಂದು ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಅಂಟಿಸಬೇಕು. ಅದರ ಕೆಳಗೆ ತನಗೆ ಅನ್ನಿಸಿದ್ದನ್ನು ಬರೆಯಬೇಕು. ಆಮೇಲೆ ಮನೆಯಲ್ಲಿ ಯಾರನ್ನಾದರೂ ಕೇಳಿ, ಅವರು ಹೇಳಿದ್ದನ್ನೂ ಬರೆಯಬೇಕು. ಸುದ್ದಿಗೆ ಮೂರು ಮಾರ್ಕ್ಸ್, ಸ್ವಂತ ಮಾತಿಗೆ ಮೂರು, ಮನೆಯವರ ಮಾತಿಗೆ ನಾಲ್ಕು.

“ಮನೆಯವರ ಮಾತಿಗೇ ಯಾಕೆ ಮಿಸ್ ಜಾಸ್ತಿ?” ಎಂದು ಸುಪ್ರೀತ್ ಮೊದಲ ವಾರವೇ ತಕರಾರು ತೆಗೆದಿದ್ದ.

“ಪೇಪರ್ ಎಲ್ಲರಿಗೂ ಒಂದೇ ಕಣೋ. ಮನೆ ಬೇರೆ ಬೇರೆ ಅಲ್ವಾ?” ಎಂದಿದ್ದರು ಮಿಸ್.

ಈ ವಾರ ವರ್ಷಿಣಿ ಅಂಟಿಸಿದ್ದು ರಸ್ತೆ ಅಗಲ ಮಾಡಲು ಮರ ಕಡಿಯುವ ಸುದ್ದಿ. ಮಿಸ್ ಅದರ ಕೆಳಗಿದ್ದುದನ್ನು ಜೋರಾಗಿ ಓದಿದರು.

“‘ಮರ ಎಂದರೆ ಬರೀ ನೆರಳಲ್ಲ. ಅದು ಹತ್ತು ಜನರ ಅಂಗಡಿಯ ಸೂರು ಎಂದರು ನಮ್ಮ ತಾತ.’ ಎಂಥ ಮಾತು ನೋಡ್ರೋ! ಈ ಶನಿವಾರ ಯಾರಾದರೂ ಮನೆಯವರನ್ನ ಕ್ಲಾಸಿಗೆ ಕರೆಸಿ ಮಾತಾಡಿಸೋಣ ಅಂತಿದ್ದೆ. ನಿಮ್ಮ ತಾತನೇ ಬರಲಿ.”

“ಹೆಡ್‌ಮಾಸ್ಟರ್ ತಾತ ಕಣ್ರೋ! ಬಂದವರೇ ಡಿಕ್ಟೇಶನ್ ಕೊಟ್ಟುಬಿಟ್ಟಾರು” ಎಂದಳು ಪಕ್ಕದಲ್ಲಿದ್ದ ಚೈತನ್ಯ. ಎಲ್ಲರೂ ನಕ್ಕರು.

ವರ್ಷಿಣಿ ತನ್ನ ಶೂ ನೋಡುತ್ತ ನಿಂತಳು. “ತಾತಂಗೆ ಹುಷಾರಿಲ್ಲ ಮಿಸ್. ಮಂಡಿನೋವು. ಜ್ವರ ಕೂಡ.”

“ಜ್ವರ ಮಂಡಿಗೇ ಬಂದಿದೆಯೇನೇ?” ಎಂದ ಸುಪ್ರೀತ್.

“ಸುಮ್ನಿರೋ. ಇವತ್ತಿನ್ನೂ ಮಂಗಳವಾರ, ಅಷ್ಟರಲ್ಲಿ ಹುಷಾರಾಗ್ತಾರೆ ಬಿಡು” ಎಂದರು ಮಿಸ್. “ಮಾರ್ಕ್ಸ್ ಹಾಕಿ ಶುಕ್ರವಾರ ಪುಸ್ತಕ ಕೊಡ್ತೀನಿ.”

ತಾತನಿಗೆ ಜ್ವರ ಬರುವ ಹಾಗೆಯೇ ಇರಲಿಲ್ಲ. ಅವರು ವರ್ಷಿಣಿ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಉದಯಗಿರಿಯ ಮನೆಯ ಗೋಡೆಯ ಮೇಲೆ ಅವರದೊಂದು ಫೋಟೋ ಇತ್ತು, ಅಷ್ಟೇ. ಬದುಕಿದ್ದಾಗಲೂ ಅವರು ಹೆಡ್‌ಮಾಸ್ಟರ್ ಆಗಿರಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಮೂಟೆ ಹೇರಿದ ಕೈಗಾಡಿ ತಳ್ಳುತ್ತಿದ್ದರು.

ಇದೆಲ್ಲ ಶುರುವಾಗಿದ್ದು ಮೊದಲ ವಾರ. ಚೈತನ್ಯ ‘ಬ್ಯಾಂಕ್ ಮ್ಯಾನೇಜರ್ ಆದ ನಮ್ಮ ಅಪ್ಪ ಹೇಳಿದರು’ ಎಂದು ಬರೆದಿದ್ದಳು. ಸುಪ್ರೀತ್ ‘ಲೆಕ್ಚರರ್ ಆದ ನಮ್ಮ ಅಮ್ಮ’ ಎಂದು ಬರೆದಿದ್ದ. ವರ್ಷಿಣಿ ‘ನಮ್ಮ’ ಎಂದು ಬರೆದು ಪೆನ್ನು ನಿಲ್ಲಿಸಿದಳು. ಅಜ್ಜಿ ಎಂದು ಬರೆದರೆ, ಸೊಪ್ಪು ಮಾರುವ ಅಜ್ಜಿ ಎಂದು ಬರೆಯಬೇಕು. ಅವಳು ‘ರಿಟೈರ್ಡ್ ಹೆಡ್‌ಮಾಸ್ಟರ್ ಆದ ನಮ್ಮ ತಾತ’ ಎಂದು ಬರೆದುಬಿಟ್ಟಳು. ಆ ವಾರ ಹತ್ತಕ್ಕೆ ಹತ್ತು ಬಂತು. ಮುಂದಿನ ವಾರದಿಂದ ಬರೀ ತಾತ ಎಂದರೂ ಸಾಕಾಗಿತ್ತು.

ಮಾತು ಮಾತ್ರ ಅಜ್ಜಿಯದೇ.

ಪುಟ್ಟಬಸಮ್ಮ ಅಜ್ಜಿ ದಿನಾ ರಸ್ತೆ ಪಕ್ಕದ ಹೊಂಗೆ ಮರದ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಪಕ್ಕದಲ್ಲಿ ದೇವಿರಮ್ಮ, ಅವರಾಚೆ ಇನ್ನೂ ಏಳೆಂಟು ಹೆಂಗಸರು. ಅಪ್ಪ ಅಮ್ಮ ಕೆಲಸದಿಂದ ಬರುವುದು ತಡ. ಹಾಗಾಗಿ ವರ್ಷಿಣಿ ಸ್ಕೂಲು ಬಿಟ್ಟ ಮೇಲೆ ಅಲ್ಲಿಗೇ ಹೋಗುತ್ತಿದ್ದಳು. ಎದುರಿನ ಚೆಲುವರಾಜು ಕಟಿಂಗ್ ಶಾಪಿನಿಂದ ಹಳೇ ಪೇಪರ್ ತಂದು ಓದಿ ಹೇಳುತ್ತಿದ್ದಳು. ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಬೆರಕೆ ಸೊಪ್ಪಿನ ಒಂದೆರಡು ಕಟ್ಟು ಕಟ್ಟುವವರೆಗೆ ಸುಮ್ಮನಿದ್ದು, ಆಮೇಲೆ ಏನಾದರೊಂದು ಹೇಳುತ್ತಿದ್ದಳು. ವರ್ಷಿಣಿ ಅದನ್ನೇ ಪುಸ್ತಕದ ಕನ್ನಡ ಮಾಡಿ ಬರೆಯುತ್ತಿದ್ದಳು.

ಹೋದ ಭಾನುವಾರ ಅಜ್ಜಿ ಕೇಳಿದ್ದಳು: “ನನ್ನೆಸ್ರು ಆಕಿದ್ದೀಯಾ ಕೂಸೆ?”

“ಹೂಂ.”

“ಎಲ್ಲದೆ, ತೋರ್ಸು.”

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ವರ್ಷಿಣಿ ‘ತಾತ’ ಎಂಬಲ್ಲಿ ಬೆರಳಿಟ್ಟು ತೋರಿಸಿದಳು. ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ತೋರುಬೆರಳಿನಿಂದ ಅದನ್ನು ಮೆಲ್ಲಗೆ ಸವರಿದಳು.

“ನೋಡಿ ದೇವಿರಮ್ಮಾರೆ, ನಾನೂ ಪುಸ್ತಕದೊಳಗೆ ಕೂತ್ಕಂಡಿವ್ನಿ!” ಎಂದು ನಕ್ಕಿದ್ದಳು.

ಬುಧವಾರ ಸಂಜೆ ಹೊಂಗೆ ಮರದ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ತೆಗೆದವರು ಸುಮಾ ಮಿಸ್. ವರ್ಷಿಣಿ ತಟ್ಟನೆ ಮರದ ಹಿಂದೆ ಸರಿದಳು.

“ಅಜ್ಜಿ, ದಂಟಿನ ಸೊಪ್ಪು ಒಂದು ಕಟ್ಟು ಕೊಡಿ. ಈ ಮರಾನೂ ಕಡೀತಾರಂತಾ?”

“ಗುರುತು ಆಕವ್ರೆ ನೋಡವ್ವ. ಮರ ಅಂದ್ರೆ ಬರೀ ನೆಳ್ಳಾ? ನಾವು ಅತ್ತು ಜನ ಎಂಗುಸ್ರ ಅಂಗ್ಡಿಗೆ ಇದೇ ಸೂರು. ಇದು ಓದ್ರೆ ಅನ್ನೊಂದು ಗಂಟೆಗೆಲ್ಲ ಸೊಪ್ಪು ಬಾಡೋಯ್ತದೆ.”

ಪರ್ಸಿಗೆ ಹೋಗಿದ್ದ ಮಿಸ್ ಕೈ ಅಲ್ಲೇ ನಿಂತಿತು. “ಈ ಮಾತು ಎಲ್ಲೋ ಓದಿದ್ದೀನಲ್ಲಾ ಅಜ್ಜಿ.”

“ನಮ್ಮ ಮೊಮ್ಮಗ್ಳು ಬರೀತಾಳೆ ಕಣವ್ವ! ನಾನೇಳಿದ್ದೆಲ್ಲ ನನ್ನೆಸ್ರಲ್ಲೇ ಬರೀತಾಳೆ. ವರ್ಷಿಣೀ, ಬಾ ಇಲ್ಲಿ. ಅಲ್ಯಾಕೆ ಅವುತ್ಕಂಡೆ?”

ವರ್ಷಿಣಿ ಹೊರಗೆ ಬಂದಳು. ಯೂನಿಫಾರ್ಮಿಗೆಲ್ಲ ಮರದ ತೊಗಟೆಯ ಪುಡಿ ಮೆತ್ತಿತ್ತು. ಅವಳಿಗೆ ತಲೆ ಎತ್ತಲಾಗಲಿಲ್ಲ. ಮಿಸ್ ಕಾಲಿನ ಚಪ್ಪಲಿ ಮಾತ್ರ ಕಾಣಿಸುತ್ತಿತ್ತು.

“ಹೌದಾ ಅಜ್ಜಿ?” ಎಂದರು ಮಿಸ್. “ಇನ್ನೊಂದು ಕಟ್ಟು ಕೊಡಿ.”

ಅಷ್ಟೇ. ಸ್ಕೂಟರ್ ಹೊರಟುಹೋಯಿತು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ವರ್ಷಿಣಿಗೆ.

ಶುಕ್ರವಾರ ಪುಸ್ತಕ ಕೈಗೆ ಬಂತು. ಸುದ್ದಿಗೆ ಮೂರು. ಸ್ವಂತ ಮಾತಿಗೆ ಮೂರು. ಮನೆಯವರ ಮಾತಿನ ಮುಂದೆ ಏನೂ ಇರಲಿಲ್ಲ. ಕೆಂಪು ಗೆರೆಯೂ ಇಲ್ಲ.

ಮಿಸ್ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು: “ಈ ನಾಲ್ಕು ಮಾರ್ಕ್ಸ್ ಯಾರಿಗೆ ಕೊಡ್ಲಿ ಅಂತ ನಂಗೆ ಗೊತ್ತಾಗ್ಲಿಲ್ಲ ಪುಟ್ಟ. ನಾಳೆ ಹತ್ತೂವರೆಗೆ ಯಾರು ಬರ್ತಾರೆ ಅಂತ ನೀನೇ ಯೋಚನೆ ಮಾಡು.”

ಆ ಸಂಜೆ ಅಜ್ಜಿ ಉಳಿದ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತುತ್ತಿದ್ದಳು. ವರ್ಷಿಣಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಜ್ಜಿ, ಅವತ್ತು ತೋರಿಸಿದ್ನಲ್ಲ, ಅದು ನಿನ್ನ ಹೆಸರಲ್ಲ.”

“ಮತ್ಯಾರ್ದು?”

“ತಾತಂದು. ತಾತ ಹೇಳಿದ್ರು ಅಂತ ಬರೆದಿದ್ದೀನಿ. ಎಲ್ಲಾ ವಾರಾನೂ.” ಅವಳು ಗೋಣಿಯ ನೂಲೊಂದನ್ನು ಎಳೆದಳು. “ಹೆಡ್‌ಮಾಸ್ಟರ್ ಆಗಿದ್ರು ಅಂತ.”

ಅಜ್ಜಿಯ ಕೈ ನಿಂತಿತು. ಅವಳು ರಸ್ತೆಯ ಕಡೆ ನೋಡಿದಳು.

“ಗಾಡಿ ತಳ್ತಿದ್ರು ಕಣವ್ವ” ಎಂದಳು ಕೊನೆಗೆ. “ಚೆಂದಾಗೇ ತಳ್ತಿದ್ರು.”

“ನಾಳೆ ಹತ್ತೂವರೆಗೆ ನೀನು ಸ್ಕೂಲಿಗೆ ಬರಬೇಕು ಅಜ್ಜಿ. ಮಿಸ್ ಕರೆದಿದ್ದಾರೆ.”

ಅಜ್ಜಿ ಗೋಣಿಯನ್ನು ಬುಟ್ಟಿಗೆ ಹಾಕಿದಳು. ದಿನಾ ಬುಟ್ಟಿ ತಲೆಗೇರಿಸುವಾಗ ‘ಕೂಸೆ, ಒಂದು ಕೈ ಕೊಡು’ ಎನ್ನುತ್ತಿದ್ದವಳು ಇವತ್ತು ದೇವಿರಮ್ಮನನ್ನು ಕರೆದಳು. ಚಾಚಿದ ಕೈಯನ್ನು ವರ್ಷಿಣಿ ಹಿಂದಕ್ಕೆ ತೆಗೆದುಕೊಂಡಳು. ಮನೆಯವರೆಗೂ ಅಜ್ಜಿ ಮುಂದೆ, ಅವಳು ಹಿಂದೆ ನಡೆದರು.

ಶನಿವಾರ ವರ್ಷಿಣಿ ಏಳುವಷ್ಟರಲ್ಲಿ ಅಜ್ಜಿ ಸೊಪ್ಪು ತರಲು ಹೋಗಿಯಾಗಿತ್ತು.

ಕ್ಲಾಸಿನಲ್ಲಿ ಹತ್ತೂವರೆ ಆಯಿತು. ಹತ್ತು ಮುಕ್ಕಾಲಾಯಿತು. “ಹೆಡ್‌ಮಾಸ್ಟರ್ ಲೇಟ್ ಬಂದ್ರೆ ಬೆಂಚ್ ಮೇಲೆ ನಿಲ್ಲಿಸೋರು ಯಾರೇ?” ಎಂದ ಸುಪ್ರೀತ್. ವರ್ಷಿಣಿ ಪುಸ್ತಕದ ಆ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ಅಜ್ಜಿ ನಿಂತಿದ್ದಳು. ತಲೆಯ ಮೇಲೆ ಬುಟ್ಟಿ ಹಾಗೇ ಇತ್ತು. ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಒಳಗೆ ಬರಲೋ ಬೇಡವೋ ಎಂಬ ಹಾಗೆ ಒಂದು ಕಾಲನ್ನು ಹೊಸ್ತಿಲಿನಾಚೆಯೇ ಇಟ್ಟಿದ್ದಳು.

“ಸೊಪ್ಪು ಮಾರೋರು ಕ್ಲಾಸಿಗೇ ಬಂದ್ರಲ್ಲೇ!” ಎಂದು ಚೈತನ್ಯ ಬಾಯಿ ಮುಚ್ಚಿಕೊಂಡು ನಕ್ಕಳು. “ಯಾರೇ ಅದು?”

ಮಿಸ್ ವರ್ಷಿಣಿಯ ಕಡೆ ನೋಡಿದರು.

ವರ್ಷಿಣಿ ಎದ್ದು ನಿಂತಳು.

“ನಮ್ಮಜ್ಜಿ. ಪುಟ್ಟಬಸಮ್ಮ ಅಂತ. ಸೊಪ್ಪು ಮಾರ್ತಾರೆ. ತಾತ ಹೇಳಿದ್ದು ಅಂತ ಬರೆದಿದ್ನಲ್ಲ, ಅದೆಲ್ಲಾ ಇವರು ಹೇಳಿದ್ದು. ತಾತ ಇಲ್ಲ. ಹೆಡ್‌ಮಾಸ್ಟರ್ ಅಂದಿದ್ದು ಸುಳ್ಳು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಆ ಕಡೆ ಈ ಕಡೆ ನೋಡಬಹುದಿತ್ತು. ಈಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಬಾಗಿಲಲ್ಲಿ ಅಜ್ಜಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಳಿಸಲು ನೋಡಿದಳು, ಆಗಲಿಲ್ಲ. ಕ್ಲಾಸನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಮೊಮ್ಮಗಳನ್ನು ನೋಡಿದಳು.

“ಕೂಸೆ, ಒಂದು ಕೈ ಕೊಡು.”

ವರ್ಷಿಣಿ ಬೆಂಚುಗಳ ನಡುವೆ ನಡೆದು ಹೋದಳು. ಬಾಗಿಲವರೆಗಿನ ದಾರಿ ಬಹಳ ಉದ್ದ ಇದ್ದ ಹಾಗಿತ್ತು. ಅವಳು ತುದಿಗಾಲಲ್ಲಿ ನಿಂತು ಬುಟ್ಟಿಯ ಇನ್ನೊಂದು ಅಂಚನ್ನು ಗಟ್ಟಿಯಾಗಿ ಹಿಡಿದಳು. ಒದ್ದೆ ಸೊಪ್ಪಿನ ನೀರು ಅವಳ ಮೊಣಕೈವರೆಗೂ ತಣ್ಣಗೆ ಇಳಿಯಿತು. ಒರೆಸಿಕೊಳ್ಳಲು ಅವಳು ಕೈ ಬಿಡಲಿಲ್ಲ.