ಎಂಟನೆಯ ಎಲೆ

ಏಳು ಕೆರೆಗಳ ಆಚೆ ಮರಡಿಕೋಟೆ ಅಂತ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಆಗ ಕಲ್ಲುಗಳಿಗೂ ಕಿವಿ ಕೇಳಿಸುತ್ತಿತ್ತು. ಆ ರಾಜ್ಯಕ್ಕೆ ದಂಡಿರಲಿಲ್ಲ, ದಾಳಿಯಿರಲಿಲ್ಲ. ಇದ್ದದ್ದು ಏಳು ಜನರ ಒಂದು ಕಬಡ್ಡಿ ಪಡೆ. ಅದರ ಹೆಸರು ಕೇಳಿದರೆ ಸುತ್ತಲಿನ ರಾಜರಿಗೆ ಅನ್ನ ಸೇರುತ್ತಿರಲಿಲ್ಲ. ಯಾಕಂದರೆ ಆ ಪಡೆ ಏಳಲ್ಲ, ಎಂಟು ಅಂತ ಎಲ್ಲರೂ ನಂಬಿದ್ದರು.

ಎಂಟನೆಯವನು ಬೀರಣ್ಣ. ಮುತ್ತಾತಂದಿರ ಕಾಲದಲ್ಲಿ ಪಡೆ ಕಟ್ಟಿದವನು, ಅಂಕಣದಲ್ಲೇ ಸತ್ತವನು, ಸತ್ತ ಮೇಲೂ ಆಡುವವನು. ಅವನಿಗೋಸ್ಕರ ಏಳು ಜನ ಕೈಕೈ ಹಿಡಿದು ನಿಲ್ಲುವಾಗ ನಡುವೆ ಒಬ್ಬನ ಜಾಗ ಬಿಡುತ್ತಿದ್ದರು. ಊಟದಲ್ಲಿ ಎಂಟನೆಯ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಬರುತ್ತಿದ್ದರು. ತೆರೆದಾಗ ಎಲೆ ಖಾಲಿ! ಜನ ಕೈ ಮುಗಿಯುತ್ತಿದ್ದರು. ಎದುರಾಳಿಗಳಂತೂ ಆ ಖಾಲಿ ಜಾಗ ನೋಡಿಯೇ ಸೋಲುತ್ತಿದ್ದರು.

ಆ ಎಲೆಯ ಅನ್ನ ತಿನ್ನುತ್ತಿದ್ದವನು ಹಾಲಗ. ಪಡೆಯ ಏಳನೆಯವನು, ನಾಯಕ ಗುತ್ಯಪ್ಪನ ತಮ್ಮ, ಮಹಾ ಹೊಟ್ಟೆಬಾಕ. ಒಂದು ದಿನ ಹಸಿವು ತಾಳದೆ ಹಿಂದಿನ ಕಿಟಕಿ ಹಾರಿ ತಿಂದ. ಆಮೇಲೆ ಅದೇ ಅಭ್ಯಾಸವಾಯಿತು. ಅವನಿಗಿಂತ ಮುಂಚೆ ಬೆಕ್ಕು ತಿನ್ನುತ್ತಿತ್ತೋ ಇಲಿ ತಿನ್ನುತ್ತಿತ್ತೋ, ದೇವರೇ ಬಲ್ಲ. ಹೇಳಿಬಿಡೋಣ ಅಂತ ಎಷ್ಟೋ ಸಲ ಅಂದುಕೊಂಡ. ಊರಿಗೆ ಊರೇ ಆ ಖಾಲಿ ಎಲೆಗೆ ಅಡ್ಡಬೀಳುವುದನ್ನು ಕಂಡು ನಾಲಗೆ ಏಳಲಿಲ್ಲ.

ಹೀಗಿರುವಾಗ ಮಸಣಜಟಿ ಎಂಬ ಮಾಂತ್ರಿಕ ಬಂದ. ಜೊತೆಗೆ ಮೂರು ಮಾಯಾಮೃಗ: ಕರಡಿ, ಕಾಡುಹಂದಿ, ಹುಲಿ.

"ನನ್ನ ಮೃಗ ಯಾರನ್ನು ಮುಟ್ಟುತ್ತೋ ಅವನು ಕಲ್ಲಾಗ್ತಾನೆ," ಅಂದ. "ಏಳೂ ಜನ ಕಲ್ಲಾದರೆ ನಿಮ್ಮ ರಾಜ್ಯವೇ ಕಲ್ಲು. ನೀವು ಮೂರನ್ನೂ ಮುಟ್ಟಿ ಗೆರೆಗೆ ಬಂದರೆ ನಾನು ಬೂದಿ, ಕಲ್ಲಾದವರು ಏಳ್ತಾರೆ. ಗೆರೆ ದಾಟಿ ಬಂದವನು ಉಸಿರು ಹಿಡಿದಿರೋವರೆಗೆ ಕಲ್ಲಾಗಲ್ಲ. ಆದರೆ ಉಸಿರು ಮುರಿದು ಕಲ್ಲಾದವನು ಮಾತ್ರ ಏಳೋ ಹಾಗಿಲ್ಲ."

ಪಡೆ ಅಂಕಣಕ್ಕಿಳಿಯಿತು. ಮಾಂತ್ರಿಕ ನಕ್ಕ. "ನಿಯಮ ಏಳು. ನೀವು ಎಂಟು ಅಂತ ನೀವೇ ಲೋಕಕ್ಕೆಲ್ಲ ಸಾರಿದ್ದೀರಲ್ಲ? ಒಬ್ಬನನ್ನು ಹೊರಗೆ ಕಳಿಸಿ."

ಗುತ್ಯಪ್ಪ ಸುಳ್ಳು ಅರಿಯದವನು. ರುಮಾಲು ತೆಗೆದು, ಖಾಲಿ ಜಾಗದ ಕಡೆ ತಿರುಗಿ ಕೈಮುಗಿದ. "ಬೀರಣ್ಣಾ, ಇವತ್ತೊಂದು ದಿನ ಹೊರಗೆ ಕೂತ್ಕೊಳಪ್ಪಾ." ಪಡೆಯವರ ಕಣ್ಣಲ್ಲಿ ನೀರು ಬಂತು.

ಹಾಲಗ ನಿಂತಿದ್ದದ್ದು ಆ ಜಾಗದ ಪಕ್ಕದಲ್ಲೇ. "ಅಣ್ಣಾ..." ಅಂದ.

"ಏನೋ?"

"ಏನಿಲ್ಲ."

ಅಯ್ಯೋ, ಆ 'ಏನಿಲ್ಲ' ಎಷ್ಟು ಜನರನ್ನು ತಿಂದಿತು! ಎಂಟನೆಯವನು ಹೊರಗೆ ಹೋದರೂ ಅವನ ಜಾಗ ಹಾಗೇ ಇತ್ತು. ತಲೆಮಾರುಗಳಿಂದ ಬಿಟ್ಟ ಜಾಗ, ಕಾಲುಗಳು ಮುಚ್ಚಲೊಲ್ಲವು. ಕರಡಿ ಅಲ್ಲಿಂದಲೇ ನುಗ್ಗಿ ಇಬ್ಬರನ್ನು ಮುಟ್ಟಿತು, ಇಬ್ಬರೂ ಕಲ್ಲಾದರು. ಹಂದಿ ಅಲ್ಲಿಂದಲೇ ನುಗ್ಗಿತು, ಮತ್ತಿಬ್ಬರು ಕಲ್ಲಾದರು. ಒಂದು ಹೆಜ್ಜೆ ಸರಿದಿದ್ದರೆ ಹಾಲಗ ಆ ಸಂದು ಮುಚ್ಚಬಹುದಿತ್ತು. ಮುಚ್ಚಿದರೆ ಕಳ್ಳತನ ಒಪ್ಪಿಕೊಂಡಂತೆ ಅನ್ನಿಸಿ ಸುಮ್ಮನೆ ನಿಂತ.

ಹುಲಿ ಬಂದು ಐದನೆಯವನನ್ನು ಮುಟ್ಟಿದಾಗ ಹಾಲಗನಿಗೆ ತಡೆಯಲಾಗಲಿಲ್ಲ. "ಅಣ್ಣಾ, ಅಲ್ಲಿ ಯಾರೂ ಇಲ್ಲ! ಆ ಅನ್ನ ತಿಂತಿದ್ದವನು ನಾನು!"

ಗುತ್ಯಪ್ಪ ತಿರುಗಿ ತಮ್ಮನ ಮುಖ ನೋಡಿದ. ನೋಡುತ್ತಿದ್ದಂತೆಯೇ ಹುಲಿ ಅಣ್ಣನನ್ನೂ ಮುಟ್ಟಿತು, ಅವನೂ ಕಲ್ಲಾದ.

ಉಳಿದವನು ಹಾಲಗ ಒಬ್ಬನೇ. ಉಸಿರು ಹಿಡಿದು, "ಕಬಡ್ಡಿ, ಕಬಡ್ಡಿ" ಅನ್ನುತ್ತ ಗೆರೆ ದಾಟಿದ. ಕರಡಿಯ ಕಂಕುಳಡಿ ನುಸುಳಿ ಅದನ್ನು ಮುಟ್ಟಿ ಬಂದ, ಕರಡಿ ಬೂದಿಯಾಯಿತು. ಎರಡನೆಯ ಸಲ ಹಂದಿ ನೇರ ಮೈಮೇಲೆ ಬಂತು, ಪಕ್ಕಕ್ಕೆ ಹಾರಿ ಬಾಲ ಮುಟ್ಟಿ ಬಂದ, ಹಂದಿಯೂ ಬೂದಿಯಾಯಿತು. ಮೂರನೆಯ ಸಲ ಹುಲಿಯನ್ನು ಮುಟ್ಟಿದ. ಹಿಂದಿರುಗುವಷ್ಟರಲ್ಲಿ ಅದು ಬೆನ್ನ ಮೇಲೆ ಬಿತ್ತು. ಗೆರೆ ಮೂರು ಮೊಳ ದೂರವಿತ್ತು.

ಮಾಂತ್ರಿಕ ಬಗ್ಗಿ ಕಿವಿಯಲ್ಲಿ ಹೇಳಿದ: "ಸೋತೆ ಅಂತ ನೆಲ ತಟ್ಟು, ನಿನ್ನೊಬ್ಬನನ್ನು ಬಿಡ್ತೀನಿ. ಕರೆದರೆ ಬರೋಕೆ ಎಂಟನೆಯವನು ಇಲ್ಲ ಅಂತ ನಿನಗೇ ಗೊತ್ತಲ್ಲ?"

ಹೌದು, ಗೊತ್ತಿತ್ತು. ಅವನ ಅನ್ನವನ್ನೆಲ್ಲ ನಾನೇ ತಿಂದೆ, ಇನ್ನು ಅವನ ಕೆಲಸ ಯಾರು ಮಾಡಬೇಕು ಅಂತ ಹಾಲಗನಿಗೆ ಅನ್ನಿಸಿತು. ಹುಲಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ತೆವಳಿದ. ಒಂದು ಮೊಳ. ಎರಡು ಮೊಳ. ಬೆರಳು ಗೆರೆ ಮುಟ್ಟಿದ್ದೂ ಉಸಿರು ಮುರಿದದ್ದೂ ಒಟ್ಟಿಗೇ ಆಯಿತು.

ಹುಲಿ ಬೂದಿಯಾಯಿತು, ಮಸಣಜಟಿಯೂ ಬೂದಿಯಾದ. ಆರು ಜನ ಮೈಕೊಡವಿ ಎದ್ದರು. ಹಾಲಗ ಕೈ ಚಾಚಿಕೊಂಡೇ ಕಲ್ಲಾಗಿ ಉಳಿದ.

"ಬೀರಣ್ಣ ಬಂದ! ಇಲ್ಲದಿದ್ದರೆ ಒಬ್ಬ ಮನುಷ್ಯ ಹುಲಿ ಹೊರ್ತಾನಾ?" ಅಂತ ಜನ ಕುಣಿದರು. ಗುತ್ಯಪ್ಪ ಕಲ್ಲಿನ ಕೈ ಹಿಡಿದು ಕೂತು ಗೊಳೋ ಅಂತ ಅತ್ತ.

ಅಂದಿನ ಊಟ ಅಂಕಣದಲ್ಲೇ ಆಯಿತು. ಎಂಟನೆಯ ಎಲೆಯನ್ನು ಗುತ್ಯಪ್ಪ ಕಲ್ಲಿನ ಮುಂದೆ ಹಾಕಿದ, ಬಡಿಸಿದ. "ತಿನ್ನೋ," ಅಂದ, "ಇನ್ನು ಕದಿಯೋದು ಬೇಡ." ಕಾದ. ಅನ್ನ ಆರಿ ತಣ್ಣಗಾಯಿತು. ಎಲೆ ಮೊದಲ ಸಲ ಹಾಗೇ ತುಂಬಿತ್ತು.

ಆಮೇಲೆ ಮರಡಿಕೋಟೆಗೆ ಯಾವ ಮಾಂತ್ರಿಕನೂ ಬರಲಿಲ್ಲ. ಜನ ಮಕ್ಕಳುಮರಿ ಕಟ್ಟಿಕೊಂಡು ಸುಖವಾಗಿದ್ದರು. ಆದರೆ ಪಡೆಗೆ ಹೊಸ ಏಳನೆಯವನು ಬಂದ ದಿನ ಗುತ್ಯಪ್ಪ ಆ ಎಂಟನೆಯ ಎಲೆ ಎತ್ತಿ ಅವನ ಮುಂದಿಟ್ಟ.

"ಎಲ್ಲರೆದುರಿಗೆ ತಿನ್ನಪ್ಪಾ. ಬಾಗಿಲು ಮುಚ್ಚೋದಿಲ್ಲ. ಆದರೆ ಇದನ್ನು ತಿಂದವನು ಆ ಜಾಗ ತುಂಬಬೇಕು."

ಹೊಸಬ ಕಲ್ಲಿನ ಕಡೆ ಒಮ್ಮೆ ನೋಡಿ, ತುತ್ತು ಕಲಸಿದ. ಅವನು ಉಣ್ಣುವ ಸದ್ದು ಕಲ್ಲಿನೊಳಗೆ ಹಾಲಗನಿಗೆ ಕೇಳಿಸಿತು.