ಓಲ್ಡ್ ಟೌನ್‌ನ ಸರದಿ

"ಬೇಕಂತಲೇ ಕರೆಂಟ್ ತೆಗೆದ್ರಿ, ಅಲ್ವಾ?"

ಭದ್ರಾವತಿಯ ಸಬ್‌ಸ್ಟೇಷನ್ ಬಾಗಿಲಲ್ಲಿ ಶೀತಲ್ ಏದುಸಿರು ಬಿಡುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ! ಆಪರೇಟರ್ ಜ್ಞಾನೇಶ್ ರಿಜಿಸ್ಟರಿನಿಂದ ತಲೆಯೆತ್ತಿದ.

"ಓಲ್ಡ್ ಟೌನ್ ಎಸ್‌ಟಿಡಿ ಬೂತ್‌ನಿಂದ ಅರ್ಜಿಯ ಎರಡು ಹಾಳೆ ಹೋಗಿತ್ತು, ಫ್ಯಾಕ್ಸ್ ಮಷಿನ್ನೇ ಆಫ್! ಐದೂವರೆಗೆ ಕೊನೇ ಗಡುವು. ಈಗಾಗಲೇ ನಾಲ್ಕೂ ಹತ್ತು!"

ವಿಯೆನ್ನಾದಲ್ಲಿ ದೇಶದೇಶಗಳ ವಿದ್ಯುತ್ ನೀತಿ ಕಲಿಸುವ ಎರಡು ವರ್ಷದ ತರಬೇತಿಯ ಅರ್ಜಿ ಅದು. ಶಂಕರಘಟ್ಟದಲ್ಲಿ ಎಂ.ಎ. ಓದುವ ಶೀತಲ್ ಅದಕ್ಕೆಂದೇ ಪವರ್ ಕಟ್ ಬಗ್ಗೆ ಪ್ರಬಂಧ ಬರೆದಿದ್ದಳು. ಮಾಹಿತಿ ಕೊಟ್ಟವನು ಇದೇ ಜ್ಞಾನೇಶ್. ಆದರೆ ಮೊನ್ನೆ ಅವನೇ ಕೇಳಿದ್ದ, "ಹೋಗ್ಲೇಬೇಕಾ?"

ಆ ಮಾತು ಅವಳ ಮನಸ್ಸಲ್ಲಿ ಚುಚ್ಚುತ್ತಲೇ ಇತ್ತು.

"ಹತ್ತೇ ನಿಮಿಷ ಕರೆಂಟ್ ಕೊಡಿ... ಪ್ಲೀಸ್."

"ಆಗಲ್ಲ. ಈಗ ಆಸ್ಪತ್ರೆ ರಸ್ತೆಗೆ ಕರೆಂಟ್ ಕೊಡೋ ಸರದಿ. ಒಬ್ಬರ ಸರದಿ ಇನ್ನೊಬ್ಬರಿಗೆ ಕೊಡಬಾರದು ಅಂತ ಬರೆದೋರು ಯಾರು?"

ಅವಳೇ... ಪ್ರಬಂಧದ ಹದಿನೇಳನೇ ಪುಟದಲ್ಲಿ!

"ಓಲ್ಡ್ ಟೌನ್‌ಗೆ ಏಳಕ್ಕಲ್ವಾ ಕಟ್?"

"ಅದು ಜನವರಿ ಪಟ್ಟಿ. ಹೊಸದನ್ನ ನಿಮ್ಮ ಕೈಗೇ ಕೊಟ್ಟಿದ್ದೆ."

ಅದನ್ನು ಜೋಪಾನವಾಗಿ ಪ್ರಬಂಧದ ಫೈಲಿಗೆ ಸೇರಿಸಿ, ಮನೆ ಗೋಡೆಯ ಹಳೇ ಪಟ್ಟಿ ನೋಡಿಕೊಂಡು ಹೊರಟಿದ್ದಳು ಮಹಾರಾಯ್ತಿ!

'ನನ್ನ ತಪ್ಪಿಗೆ ಇವರನ್ನ ಬೈದೆನಲ್ಲ...' ಅವಳ ಕಣ್ಣು ತುಂಬಿತು.

ಜ್ಞಾನೇಶ್ ಆಗಲೇ ಫೋನ್ ಎತ್ತಿದ್ದ. ಊರಲ್ಲಿ ಬೇರೆ ಫ್ಯಾಕ್ಸ್ ಇರಲಿಲ್ಲ; ಶಿವಮೊಗ್ಗದಲ್ಲಿ ಎಲ್ಲೆಲ್ಲಿ ಕರೆಂಟಿದೆ ಎಂದು ವಿಚಾರಿಸಿದ.

"ಆಲ್ಕೊಳದಲ್ಲಿ ಆರರವರೆಗೂ ಇದೆ. ಅಲ್ಲಿ ರಸೂಲ್ ಸಾಬ್ ಬೂತ್‌ನಲ್ಲಿ ಫ್ಯಾಕ್ಸ್ ಇದೆ. ನಡೀರಿ!"

ಹಿಂದಿನ ಕ್ವಾರ್ಟರ್ಸ್‌ನಿಂದ ಇನ್ನೊಬ್ಬ ಆಪರೇಟರ್ ಓಂಕಾರಪ್ಪ ಬಂದು ಡ್ಯೂಟಿ ವಹಿಸಿಕೊಳ್ಳುವಾಗ ನಾಲ್ಕೂ ಇಪ್ಪತ್ತೈದು. ದಾರಿಯಲ್ಲಿ ರೈಲ್ವೆ ಗೇಟ್ ಬೇರೆ ಬಿತ್ತು! ಜ್ಞಾನೇಶನ ಸ್ಕೂಟರಿನ ಹಿಂದೆ ಕೂತ ಶೀತಲ್ ಗೂಡ್ಸ್ ಗಾಡಿಯ ಒಂದೊಂದು ಡಬ್ಬಿಯನ್ನೂ ಶಪಿಸಿದಳು.

ಬೂತ್ ತಲುಪಿದಾಗ ಐದೂ ಇಪ್ಪತ್ತು. ಲೈನ್ ಸಿಗಲಿಲ್ಲ. ಮತ್ತೆ ಡಯಲ್... ಮತ್ತೆ...

"ಹೋಯ್ತು, ಬೇಟಿ! ಎಲ್ಲಾ ಹಾಳೆನೂ ಹೋಯ್ತು," ರಸೂಲ್ ಸಾಬ್ ನಕ್ಕರು. ಗಡಿಯಾರದಲ್ಲಿ ಐದೂ ಇಪ್ಪತ್ತೆಂಟು.

ಹೊರಗೆ ಬಂದವಳು ಜ್ಞಾನೇಶನನ್ನು ನೇರವಾಗಿ ನೋಡಿದಳು.

"ಹೋಗ್ಲೇಬೇಕಾ ಅಂತ ಯಾಕೆ ಕೇಳಿದ್ರಿ?"

"ನೀವು ಹೋದ್ರೆ ನನಗೆ ಕಷ್ಟ ಆಗುತ್ತೆ, ಅದಕ್ಕೆ."

"ಮತ್ತೆ ಕರ್ಕೊಂಡು ಬಂದಿದ್ದು?"

"ಹೋಗದಿದ್ರೆ ನಿಮಗೆ ಕಷ್ಟ ಆಗುತ್ತೆ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಎರಡು ವರ್ಷ... ಕಾಯ್ತೀರಾ?"

"ಕಾಯ್ತೀನಿ, ಮಾರಾಯ್ತಿ."

ಇಷ್ಟು ದಿನ 'ಮೇಡಂ' ಎನ್ನುತ್ತಿದ್ದವನು! ಶೀತಲ್ ಅಳುತ್ತಲೇ ನಕ್ಕಳು.

"ಇನ್ನೊಂದ್ಸಲ ಹೇಳಿ."

"ಕಾಯ್ತೀನಿ."

"ಅದಲ್ಲ... ಅದರ ಮುಂದಿಂದು."